ಕಿಂಗ್‌ಸ್ಟನ್ನಿನ ಹಿತ್ತಲಿನಲ್ಲಿ ಮನೆಯ ಕಸ: ನನ್ನ ಅನುಭವ

ಪತಿಯ ಉದ್ಯೋಗದ ನಿಮಿತ್ತ ನಾವು 2018ರಲ್ಲಿ ಹಾಸನದಿಂದ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ಗೆ ಬಂದೆವು. ನಗರದ ಈಶಾನ್ಯಕ್ಕೆ ಬೆಟ್ಟಗಳ ಬುಡದಲ್ಲಿರುವ ಪ್ಯಾಪೀನ್ ಸಂತೆಗೆ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಬಾಡಿಗೆ ಮನೆ ಸಿಕ್ಕಿತು. ಹಿಂದೆ ಒಂದು ಮಾವಿನ ಮರ, ಒಂದು ದೀವಿಹಲಸಿನ ಮರ ಇರುವ ಸಣ್ಣ ಹಿತ್ತಲು. ವಾರಕ್ಕೊಮ್ಮೆ ಬರಬೇಕಾದ ಕಸದ ಲಾರಿ ಒಮ್ಮೊಮ್ಮೆ ಎರಡು ವಾರ, ಒಂದು ಸಲವಂತೂ ಮೂರು ವಾರ ನಮ್ಮ ಬೀದಿಗೆ ಬರಲೇ ಇಲ್ಲ. ಗೇಟಿನ ಬಳಿ ಇಟ್ಟ ಚೀಲಗಳನ್ನು ರಾತ್ರಿ ನಾಯಿಗಳು ಹರಿದು ಹಾಕುತ್ತಿದ್ದವು, ಬೆಳಿಗ್ಗೆ ಅದನ್ನೆಲ್ಲ ಮತ್ತೆ ಗುಡಿಸಿ ತುಂಬುವುದು ನನ್ನ ನಿತ್ಯದ ಕೆಲಸವಾಯಿತು.

ಲಾರಿಯಲ್ಲಿ ಹೋದ ಕಸ ಸೇರುವುದು ನಗರದ ಪಶ್ಚಿಮದ ಅಂಚಿನಲ್ಲಿರುವ ರಿವರ್ಟನ್ ತಿಪ್ಪೆಗೆ. ಮಾರ್ಚ್ 2015ರಲ್ಲಿ ಅಲ್ಲಿ ಹೊತ್ತಿಕೊಂಡ ಬೆಂಕಿ ದಿನಗಟ್ಟಲೆ ಉರಿದು, ಹೊಗೆಯಿಂದಾಗಿ ನಗರದ ಅನೇಕ ಶಾಲೆಗಳನ್ನು ಮುಚ್ಚಬೇಕಾಯಿತೆಂಬುದನ್ನು ಇಲ್ಲಿಯವರು ಇಂದಿಗೂ ಹೇಳುತ್ತಾರೆ. ಲಾರಿಗೆ ಸಿಗದ ಕಸ ಮಳೆ ಬಂದಾಗ 'ಗಲ್ಲಿ'ಗೆ ಇಳಿಯುತ್ತದೆ. ನಮ್ಮ ಭಾಷೆಯಲ್ಲಿ ಗಲ್ಲಿಯೆಂದರೆ ಓಣಿ, ಆದರೆ ಜಮೈಕಾದಲ್ಲಿ ಆ ಹೆಸರು ಬೆಂಗಳೂರಿನ ರಾಜಕಾಲುವೆಯಂಥ ದೊಡ್ಡ ಚರಂಡಿಗಳಿಗೆ. ಅವು ಬಾಟಲಿ, ಥರ್ಮೊಕೋಲುಗಳನ್ನೆಲ್ಲ ಹೊತ್ತುಕೊಂಡು ನೇರವಾಗಿ ಕಿಂಗ್‌ಸ್ಟನ್ ಬಂದರಿನ ಸಮುದ್ರಕ್ಕೆ ಸುರಿಯುತ್ತವೆ.

ಏನಾದರೂ ಮಾಡುವ ಮೊದಲು ನಾಲ್ಕು ವಾರ ನಮ್ಮ ಮನೆಯ ಕಸವನ್ನು ಬೇರೆ ಬೇರೆ ಮಾಡಿ ತೂಗಿದೆ. ಮೂರು ಜನರ ಮನೆಯಲ್ಲಿ ಒಟ್ಟು 38 ಕಿಲೋ ಬಂತು. ಅದರಲ್ಲಿ 25 ಕಿಲೋ ತರಕಾರಿ ಸಿಪ್ಪೆ, ಹಣ್ಣಿನ ತಿರುಳು, ಉಳಿದ ಅನ್ನ, 5 ಕಿಲೋ ಕಾಗದ ಮತ್ತು ರಟ್ಟು, 5 ಕಿಲೋ ಗಾಜು ಮತ್ತು ಡಬ್ಬ, ಪ್ಲಾಸ್ಟಿಕ್ ಬರೀ 2 ಕಿಲೋ, ಉಳಿದದ್ದು ಇತರೆ. ನಾನು ಅಲ್ಲಿಯವರೆಗೆ ಚಿಂತಿಸುತ್ತಿದ್ದುದೆಲ್ಲ ಪ್ಲಾಸ್ಟಿಕ್ಕಿನ ಬಗ್ಗೆ. ಆದರೆ ನಾರುವುದು, ನಾಯಿಯನ್ನು ಕರೆಯುವುದು, ಕಾಗದವನ್ನೂ ಬಾಟಲಿಯನ್ನೂ ಕೊಳಕು ಮಾಡುವುದು ಆ 25 ಕಿಲೋ ಹಸಿ ಕಸವೇ. ಅದನ್ನು ಮನೆಯಲ್ಲೇ ಮುಗಿಸಿಬಿಟ್ಟರೆ ಉಳಿದ ಒಣ ಕಸಕ್ಕೆ ವಾಸನೆಯೂ ಇಲ್ಲ, ಅವಸರವೂ ಇಲ್ಲ. ಲಾರಿ ತಿಂಗಳು ಬಿಟ್ಟು ಬಂದರೂ ಅದು ಮೂಲೆಯಲ್ಲಿ ಸುಮ್ಮನೆ ಕಾಯುತ್ತದೆ. ವ್ಯವಸ್ಥೆ ಬಲವಾಗಿಲ್ಲದ ಊರಿನಲ್ಲಿ ಹಸಿ ಕಸದಿಂದಲೇ ಆರಂಭಿಸಬೇಕೆಂಬ ನನ್ನ ನಿಲುವು ಆ ತೂಕದಿಂದ ಹುಟ್ಟಿದ್ದು, ಇಂದಿಗೂ ಬದಲಾಗಿಲ್ಲ.

ಸಂತೆಯ ಬಳಿ ಇನ್ನೂರು ಲೀಟರಿನ ಹಳೆಯ ನೀಲಿ ಪ್ಲಾಸ್ಟಿಕ್ ಡ್ರಮ್ಮು ಕೊಂಡುಕೊಂಡೆ. ಸುತ್ತಲೂ ಗೇಣಿಗೊಂದರಂತೆ ಅರ್ಧ ಇಂಚಿನ ತೂತು, ತಳದಲ್ಲಿ ಎಂಟು ತೂತು ಕೊರೆಸಿ, ಅದನ್ನು ಕಾಂಕ್ರೀಟ್ ಇಟ್ಟಿಗೆಗಳ ಮೇಲೆ ನಿಲ್ಲಿಸಿ, ದಿನವೂ ಸಿಪ್ಪೆಯನ್ನು ಸುರಿಯತೊಡಗಿದೆ. ಮೂರನೆಯ ವಾರಕ್ಕೆ ಒಳಗಿದ್ದುದೆಲ್ಲ ಕೊಳೆತ ಗಂಜಿಯಂತಾಗಿ, ತಳದಿಂದ ಕಪ್ಪು ನೀರು ಸೋರಿ, ಮುಚ್ಚಳ ತೆಗೆದರೆ ಬೆರಳ ಗೆಣ್ಣುದ್ದದ ಹುಳುಗಳು ಗಿಜಿಗುಟ್ಟುತ್ತಿದ್ದವು. ಅವು ಗೊಬ್ಬರಕ್ಕೆ ಒಳ್ಳೆಯದನ್ನೇ ಮಾಡುವ ನೊಣದ ಮರಿಗಳೆಂದು ಆಮೇಲೆ ಗೊತ್ತಾಯಿತು, ಆದರೆ ಆ ದುರ್ವಾಸನೆ ಮಾತ್ರ ನನ್ನ ತಪ್ಪಿನದ್ದು: ತೇವ ಹೀರಿ ಗಾಳಿಯಾಡಲು ಬಿಡುವ ತರಗೆಲೆಯನ್ನು ನಾನು ಒಂದು ಹಿಡಿಯೂ ಹಾಕಿರಲಿಲ್ಲ.

ತರಗೆಲೆ ಇತ್ತು, ಆದರೆ ಅದು ಪಕ್ಕದ ಮನೆಯಲ್ಲಿ ಸುಡುತ್ತಿತ್ತು. ಎಪ್ಪತ್ತು ದಾಟಿದ ನೆರೆಯಾಕೆ ದಿನವೂ ಸಂಜೆ ಅಂಗಳ ಗುಡಿಸಿ ಎಲೆಯ ರಾಶಿಗೆ ಬೆಂಕಿ ಹಚ್ಚುವವರು. ಇಲ್ಲಿ ಬಹಳ ಮನೆಗಳ ರೂಢಿ ಅದು. ಒಂದು ಸಂಜೆ ಹೋಗಿ, "ಈ ಎಲೆಯನ್ನು ನನಗೆ ಕೊಡುತ್ತೀರಾ?" ಎಂದು ಕೇಳಿದೆ. ಅವರು ಪೊರಕೆ ನಿಲ್ಲಿಸಿ ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಮಗೂ, ಎಲೆಯನ್ನು ಯಾರಾದರೂ ಬೇಡುತ್ತಾರೆಯೇ?" ಎಂದರು. ಮರುದಿನ ಬೆಳಿಗ್ಗೆ ಬೇಲಿಯ ಮೇಲಿಂದ ಮೂರು ಚೀಲ ಬಂದವು.

ಅಂದಿನಿಂದ ಕ್ರಮ ಹೀಗಿದೆ. ತಳದಲ್ಲಿ ಒಡೆದ ತೆಂಗಿನ ಸಿಪ್ಪೆ ಮತ್ತು ಪುಳ್ಳೆ, ಒಂದು ಗೇಣು ಎತ್ತರ. ಆಮೇಲೆ ಒಂದು ಬಟ್ಟಲು ಹಸಿ ಕಸಕ್ಕೆ ಎರಡರಿಂದ ಮೂರು ಬಟ್ಟಲು ತರಗೆಲೆ ಅಥವಾ ಹರಿದ ರಟ್ಟು. ಮಾವಿನ ಎಲೆಯನ್ನು ಹಾಗೆಯೇ ಹಾಕಬಹುದು. ದೀವಿಹಲಸಿನ ಎಲೆ ಚಪ್ಪಲಿಯ ತೊಗಲಿನಷ್ಟು ಗಟ್ಟಿ, ಮಚ್ಚಿನಿಂದ ಕೊಚ್ಚದಿದ್ದರೆ ಆರು ತಿಂಗಳಾದರೂ ಹಾಗೆಯೇ ಸಿಗುತ್ತದೆ. ಹಿಡಿಯಷ್ಟು ತೆಗೆದು ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಹದ ಸರಿ. ನೀರು ಧಾರೆಯಾಗಿ ಇಳಿದರೆ ಇನ್ನಷ್ಟು ಎಲೆ ಬೇಕು. ವಾರಕ್ಕೊಮ್ಮೆ ಕೋಲಿನಿಂದ ತಿರುವುತ್ತೇನೆ. ಇಲ್ಲಿ ಮೇ ಮತ್ತು ಅಕ್ಟೋಬರ್ ಹೆಚ್ಚು ಮಳೆಯ ತಿಂಗಳುಗಳಾದ್ದರಿಂದ ಆಗ ಮುಚ್ಚಳದ ಮೇಲೆ ತಗಡಿಡುವುದು ಕಡ್ಡಾಯ. ತಳಕ್ಕೆ ಕಾಲಿಂಚು ಕಣ್ಣಿನ ಕಬ್ಬಿಣದ ಜಾಲರಿ ಕಟ್ಟಿದ ಮೇಲೆ ಇಲಿಗಳ ಕಾಟ ನಿಂತಿತು. ಮೀನು, ಮೂಳೆಗಳನ್ನು ಡ್ರಮ್ಮಿಗೆ ಹಾಕುವುದಿಲ್ಲ. ಈ ಸೆಕೆಯಲ್ಲಿ ಹತ್ತು ಹನ್ನೆರಡು ವಾರಕ್ಕೆ ಗೊಬ್ಬರ ಸಿದ್ಧ; ಗುಜರಿಗೆ ಹೋಗಬೇಕಿದ್ದ ಟೇಬಲ್ ಫ್ಯಾನಿನ ಮುಂದಿನ ಜಾಲರಿಯೇ ನನ್ನ ಜರಡಿ. ಎರಡು ಡ್ರಮ್ಮುಗಳಿದ್ದರೆ ಒಂದು ತುಂಬುವಷ್ಟರಲ್ಲಿ ಇನ್ನೊಂದು ಪಕ್ವವಾಗುತ್ತದೆ.

ಆ ಗೊಬ್ಬರದಲ್ಲಿ ಮೊದಲು ಬೆಳೆದದ್ದು ಇಲ್ಲಿಯವರು 'ಕಲಲೂ' ಎನ್ನುವ ಸೊಪ್ಪು. ಸಂತೆಯಲ್ಲಿ ಅದನ್ನು ಮೊದಲ ಸಲ ಕಂಡಾಗ ಕೈಗೆತ್ತಿಕೊಂಡು ಮೂಸಿದೆ: ನಮ್ಮ ದಂಟಿನ ಸೊಪ್ಪಿನ ಕುಲವೇ. ಇಲ್ಲಿಯ 'ಗುಂಗೊ' ಕಾಳು ನಮ್ಮ ತೊಗರಿ, ಕ್ರಿಸ್‌ಮಸ್ ಊಟದ ಅನ್ನಕ್ಕೆ ಅದು ಬೇಕೇ ಬೇಕು. ಬೇಲಿಯ ಸಾಲಿನಲ್ಲಿ ನಾಲ್ಕು ತೊಗರಿ ಗಿಡಗಳಿಗೆ ಈ ಗೊಬ್ಬರ ಕೊಟ್ಟ ವರ್ಷ, ಹಸಿ ತೊಗರಿಕಾಳು ಮತ್ತು ದಂಟು ಹಾಕಿ ಮಾಡಿದ ಹುಳಿಯನ್ನು ನೆರೆಯಾಕೆಗೂ ಕೊಟ್ಟೆ.

ಮರುಬಳಕೆಯ ವಿಚಾರದಲ್ಲಿ ನಾನು ಅವರಿಗೆ ಕಲಿಸಿದ್ದಕ್ಕಿಂತ ಅವರಿಂದ ಕಲಿತದ್ದೇ ಹೆಚ್ಚು. ದೊಡ್ಡ ಹಾಲಿನ ಪುಡಿ ಡಬ್ಬವನ್ನು ಸೀಳಿ ಚಪ್ಪಟೆ ಮಾಡಿ, ಮೊಳೆಯಿಂದ ಸಾಲುಸಾಲಾಗಿ ತೂತು ಹೊಡೆದು, ಮುಳ್ಳೆದ್ದ ಬದಿಯನ್ನು ಮೇಲೆ ಮಾಡಿ ಹಲಗೆಗೆ ಬಡಿದರೆ ತುರಿಮಣೆ ಆಯಿತು. ಅವರ ತೆಂಗಿನಕಾಯಿ, ಜಾಯಿಕಾಯಿ ಎರಡೂ ಅದರಲ್ಲೇ ತುರಿಯುವುದು. ಖಾಲಿ ರಮ್ ಬಾಟಲಿಗಳಲ್ಲಿ ಜೇನು ಮತ್ತು ಕೊಬ್ಬರಿ ಎಣ್ಣೆ ಮಾರುತ್ತಾರೆ. ಬಿಯರ್ ಬಾಟಲಿಗಳನ್ನು ಕ್ರೇಟಿನ ಸಮೇತ ಅಂಗಡಿಗೆ ಕೊಟ್ಟರೆ ಠೇವಣಿ ಹಣ ಮರಳಿ ಬರುತ್ತದೆ. ಇಲ್ಲಿ ಪ್ರತಿ ಅಡುಗೆಮನೆಯಲ್ಲೂ ಇರುವ 'ಡಚ್ ಪಾಟ್' ಎಂಬ ದಪ್ಪ ತಳದ ಪಾತ್ರೆಯನ್ನು ಗುಜರಿ ಅಲ್ಯೂಮಿನಿಯಂ ಕರಗಿಸಿ, ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು ಸ್ಥಳೀಯ ಕುಶಲಕರ್ಮಿಗಳೇ ಮಾಡುತ್ತಾರೆ. ನಮ್ಮ ಮನೆಯಲ್ಲಿ ಈಗ ಒಗ್ಗರಣೆ ಚಟಪಟಗುಟ್ಟುವುದು ಅದರಲ್ಲೇ.

ಜನವರಿ 1, 2019ರಿಂದ ದೇಶದಲ್ಲಿ ತೆಳು ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧ ಬಂತು. ಜನ 'ಸ್ಕ್ಯಾಂಡಲ್ ಬ್ಯಾಗ್' ಎಂದು ಕರೆಯುತ್ತಿದ್ದ ಕಪ್ಪು ಚೀಲಗಳು ಅಂಗಡಿಗಳಿಂದ ಕಣ್ಮರೆಯಾದವು. ಕಸ ಕಟ್ಟುವುದು ಯಾವುದರಲ್ಲಿ ಎಂಬ ಕಳವಳ ಬೀದಿಯಲ್ಲೆಲ್ಲ ಇತ್ತು. ಹಸಿ ಕಸ ಡ್ರಮ್ಮಿಗೆ ಹೋಗುತ್ತಿದ್ದುದರಿಂದ ನಮ್ಮ ಬುಟ್ಟಿಗೆ ಒಂದು ಹಾಳೆ 'ಗ್ಲೀನರ್' ಪತ್ರಿಕೆ ಸಾಕಾಯಿತು.

ಪ್ಲಾಸ್ಟಿಕ್ ಬಾಟಲಿಗಳ ಕೆಲಸ ಸುಲಭ. ತಳದಲ್ಲಿ ಪ್ಲಾಸ್ಟಿಕ್ಕಿನ ಬಗೆಯನ್ನು ತಿಳಿಸುವ 1 ಅಥವಾ 2 ಎಂಬ ಗುರುತಿರುವ ಬಾಟಲಿಗಳನ್ನು ತೊಳೆದು, ತುಳಿದು ಚಪ್ಪಟೆ ಮಾಡಿ, ಮುಚ್ಚಳ ಬಿಗಿದು ಗೋಣಿಚೀಲಕ್ಕೆ ಹಾಕುತ್ತೇನೆ. 'ರೀಸೈಕ್ಲಿಂಗ್ ಪಾರ್ಟ್ನರ್ಸ್ ಆಫ್ ಜಮೈಕಾ' ಎಂಬ ಸಂಸ್ಥೆ ಇವನ್ನು ಸಂಗ್ರಹಿಸುತ್ತದೆ. ಎರಡು ತಿಂಗಳಿಗೊಮ್ಮೆ ಚೀಲ ಒಯ್ದು ಕೊಡುತ್ತೇವೆ. ಮುಚ್ಚಳ ಬಿಗಿಯುವುದಕ್ಕೆ ಕಾರಣವಿದೆ. ಸೆಪ್ಟೆಂಬರ್ 2023ರಲ್ಲಿ ಸರ್ಕಾರ ಡೆಂಗಿ ಹರಡಿದೆಯೆಂದು ಘೋಷಿಸಿದ ವಾರ ನಮ್ಮ ಹಿತ್ತಲನ್ನು ಇಂಚಿಂಚೂ ಹುಡುಕಿದೆ. ಗಿಡ ನೆಡಲೆಂದು ತಂದಿಟ್ಟಿದ್ದ ಹಳೆಯ ಟಯರಿನ ಒಳಸುತ್ತಿನಲ್ಲಿ ಒಂದು ಲೋಟದಷ್ಟು ನೀರು, ಅದರಲ್ಲಿ ಕುಣಿಯುವ ಸೊಳ್ಳೆಮರಿಗಳು. ಮರುಬಳಕೆಗೆಂದು ಕೂಡಿಟ್ಟ ವಸ್ತುವೇ ಮನೆಯವರಿಗೆ ಜ್ವರ ತರಬಹುದಿತ್ತಲ್ಲ ಎಂದು ಆ ದಿನ ಬಹಳ ನೊಂದೆ. ಈಗ ಟಯರಿನ ಕೆಳಬದಿಗೆ ಆರು ತೂತು ಕೊರೆದು ಅಂದೇ ಮಣ್ಣು ತುಂಬುತ್ತೇನೆ. ಡಬ್ಬ, ಜಾಡಿ ಎಲ್ಲವೂ ಬೋರಲಾಗಿಯೇ ಇರುತ್ತವೆ.

ಜುಲೈ 3, 2024ರಂದು ಬೆರಿಲ್ ಚಂಡಮಾರುತ ದ್ವೀಪದ ದಕ್ಷಿಣಕ್ಕೆ ಹಾದುಹೋಯಿತು. ನಮ್ಮ ಬೀದಿಗೆ ಆರು ದಿನ ಕರೆಂಟ್ ಇರಲಿಲ್ಲ, ಬಿದ್ದ ಕೊಂಬೆಗಳಿಂದಾಗಿ ಲಾರಿ ಒಳಗೆ ಬರುವಂತೆಯೂ ಇರಲಿಲ್ಲ. ಎಲ್ಲರ ಫ್ರಿಜ್ಜಿನಲ್ಲಿದ್ದುದೂ ಕೆಟ್ಟಿತು. ನೆರೆಯಾಕೆ ಎರಡು ಬಕೆಟ್ ತರಕಾರಿ, ಬೆಂದ ಕಾಳು, ಕೊಳೆತ ಮಾವಿನಹಣ್ಣು ಹೊತ್ತು ತಂದರು. ಮೀನು ಮತ್ತು ಕೋಳಿಯನ್ನು ಎರಡು ಅಡಿ ಆಳದ ಗುಂಡಿ ತೋಡಿ ಹೂತೆವು. ಎಲೆಗಂತೂ ಅಂದು ಬರವಿರಲಿಲ್ಲ, ಗಾಳಿ ಅಂಗಳದ ತುಂಬ ಸುರಿದುಹೋಗಿತ್ತು. ಮೂರು ದಿನದಲ್ಲಿ ಡ್ರಮ್ಮು ಬಾಯಿಯವರೆಗೆ ತುಂಬಿತು. ಅಕ್ಟೋಬರಿನಲ್ಲಿ ಅದನ್ನು ಇಬ್ಬರೂ ಸೇರಿ ತೆರೆದಾಗ ಕಪ್ಪಗೆ ಉದುರುವ ಗೊಬ್ಬರದ ನಡುವೆ ಒಂದು ಮಾವಿನ ಓಟೆ ಸೀಳಿ, ಬೆಳ್ಳನೆಯ ಮೊಳಕೆ ಬೆಳಕಿಗೆ ತಡವರಿಸುತ್ತಿತ್ತು. ಅವರು ಅದನ್ನು ಬೇರು ಮುರಿಯದಂತೆ ಬಿಡಿಸಿ, ಮನೆಯಿಂದ ಹಾಲಿನ ಡಬ್ಬವೊಂದನ್ನು ತಂದು, ತಳಕ್ಕೆ ಮೊಳೆಯಿಂದ ನಾಲ್ಕು ತೂತು ಹೊಡೆದು ನೆಟ್ಟುಕೊಂಡು ಹೋದರು.