ಶ್ರೀಮುದ್ರೆ ಗಿಡವನ್ನು ಗುರುತಿಸಿ ಬಳಸುವುದು ಹೇಗೆ?

ಪಾಳುಬಿದ್ದ ಸೈಟು, ಹೊಲದ ಬದು, ರಸ್ತೆಯಂಚು ಎನ್ನದೆ ಬೆಳೆಯುವ ಶ್ರೀಮುದ್ರೆ ಗಿಡ, ತೋಟಗಳಲ್ಲಿ ಹೂವಿಗಾಗಿ ಬೆಳೆಸುವ ಹಾಲಿಹಾಕ್‌ನ ಕಾಡು ನೆಂಟ. ದಾಸವಾಳ, ಬೆಂಡೆ, ಹತ್ತಿಗಳೂ ಇದೇ ಕುಟುಂಬದವು. ಸಸ್ಯಶಾಸ್ತ್ರದಲ್ಲಿ ಇದು ಅಬ್ಯುಟಿಲಾನ್ ಇಂಡಿಕಮ್, ಆಯುರ್ವೇದದಲ್ಲಿ ಅತಿಬಲಾ, ಕೆಲವು ಕಡೆ ಬರೀ ತುತ್ತಿ.

ಗಿಡ ಹುಡುಕಲು ಇಳಿಹೊತ್ತಿನಲ್ಲಿ ಹೋಗುವುದು ಲೇಸು. ಹಳದಿ ಹೂವು ಅರಳುವುದೇ ಆಗ. ಎಲೆ ಹೃದಯದಾಕಾರದ್ದು, ಅಂಚು ಗರಗಸದಂತೆ, ಮುಟ್ಟಿದರೆ ಮಖಮಲ್ಲಿನಂತೆ ಮೆತ್ತಗಿರುತ್ತದೆ. ಆದರೂ ಎಲೆ, ಹೂಗಳನ್ನಷ್ಟೇ ನಂಬದೆ ಕಾಯಿಯನ್ನು ನೋಡಬೇಕು. ಸುಮಾರು 15ರಿಂದ 20 ಹೋಳುಗಳು ಚಕ್ರದ ಅರಗಳಂತೆ ಸುತ್ತ ಜೋಡಿಸಿಕೊಂಡು, ಒಂದೊಂದರ ತುದಿಯೂ ಹೊರಕ್ಕೆ ಚೂಪಾಗಿ ಚಾಚಿರುತ್ತದೆ. ಕಾಯನ್ನು ಕಲಸಿದ ಅಕ್ಕಿಹಿಟ್ಟಿನ ಮೇಲೆ ಮೆಲ್ಲಗೆ ಒತ್ತಿದರೆ ಅಚ್ಚುಕಟ್ಟಾದ ಚಕ್ರ ಮೂಡುತ್ತದೆ. ಹೆಸರಿನ ಗುಟ್ಟು ಅಲ್ಲಿಯೇ ತಿಳಿಯುತ್ತದೆ. ಒಣಗಿ ಕಪ್ಪಾದ ಕಾಯಿ ಒಡೆದುಹೋಗುವುದರಿಂದ ಮುದ್ರೆಗೆ ಹಸಿರು ಕಾಯಿಯೇ ಬೇಕು. ಹೂವಿನ ನಡುವೆ ಕಡು ನೇರಳೆ ಮಚ್ಚೆ ಕಂಡರೆ ಅದು ಇದೇ ಜಾತಿಯ ಇನ್ನೊಂದು ಗಿಡ.

ಹಲ್ಲುನೋವು, ಒಸಡಿನ ನೋವುಗಳಿಗೆ ಎಲೆಯ ಕಷಾಯದಿಂದ ಬಾಯಿ ಮುಕ್ಕಳಿಸುವುದು ಹಳೆಯ ರೂಢಿ. ತೊಳೆದ ಎಲೆಗಳನ್ನು ನೀರಿನಲ್ಲಿ ಕುದಿಸಿ ಕಾಲುಭಾಗಕ್ಕೆ ಇಳಿಸಬೇಕು. ಎಲೆಯ ಮೇಲಿನ ನವಿರು ರೋಮಗಳು ಗಂಟಲಿಗೆ ತಾಗದಂತೆ ಜಾಲರಿಯಲ್ಲಲ್ಲ, ಬಟ್ಟೆಯಲ್ಲಿ ಸೋಸಿ, ಉಗುರುಬೆಚ್ಚಗಾದ ಮೇಲೆ ಮುಕ್ಕಳಿಸಿ ಉಗಿಯಬೇಕು. ಬೇರು, ಬೀಜಗಳನ್ನು ಹೊಟ್ಟೆಗೆ ತೆಗೆದುಕೊಳ್ಳುವ ಮಾತನ್ನು ವೈದ್ಯರಿಗೆ ಬಿಡುವುದೇ ಸರಿ. ಔಷಧದ ಅಂಗಡಿಯಲ್ಲಿ ಬಲಾ ಎಂಬ ಬೇರೊಂದು ಮೂಲಿಕೆ ಮತ್ತು ಅತಿಬಲಾ ಒಂದಕ್ಕೊಂದು ಬೆರೆಯುವುದೂ ಉಂಟು.

ನನ್ನ ಮಟ್ಟಿಗೆ ಈ ಗಿಡದ ನಿಜವಾದ ಸೊಗಸು ಇರುವುದು ನಾರಿನಲ್ಲಿ. ಕವಲೊಡೆಯದ ನೀಳವಾದ ಕಾಂಡಗಳನ್ನು ಕಡಿದು, ಎಲೆ ಸವರಿ, ಕಂತೆ ಕಟ್ಟಿ, ಮೇಲೆ ಕಲ್ಲು ಹೇರಿ ನೀರಿನಲ್ಲಿ ಮುಳುಗಿಸಿಡಬೇಕು. ಪುಂಡಿಯನ್ನು ಕೊಳೆಹಾಕಿ ಬಲ್ಲವರಿಗೆ ಇದು ಹೊಸದಲ್ಲ. ದಿನ ಎಣಿಸುವ ಬದಲು ಆಗಾಗ ಒಂದು ಕಡ್ಡಿಯನ್ನು ಎಳೆದು ನೋಡಬೇಕು: ಬುಡದಲ್ಲಿ ಹಿಡಿದ ಸಿಪ್ಪೆ ತುದಿಯವರೆಗೂ ಜಾರಿ ಬಂದರೆ ಹದ ಬಂದಂತೆ, ಇನ್ನೂ ಬಿಟ್ಟರೆ ನಾರೇ ಕೊಳೆಯುತ್ತದೆ. ಸಿಪ್ಪೆಯನ್ನು ಜಾಲಿಸಿ, ಲೋಳೆ ಹೋಗುವಂತೆ ತಿಕ್ಕಿ ತೊಳೆದು, ನೆರಳಿನಲ್ಲಿ ಒಣಗಿಸಿದ ಮೇಲೆ ಎರಡು ಎಳೆಗಳನ್ನು ತುಸು ತೇವ ಮಾಡಿ ತೊಡೆಯ ಮೇಲೆ ಹೊಸೆದರೆ, ಸೌತೆ ಬಳ್ಳಿಯನ್ನು ಚಪ್ಪರಕ್ಕೆ ಕಟ್ಟಲು ಸಾಕಾಗುವಷ್ಟು ಗಟ್ಟಿಯಾದ ಹುರಿ ಸಿದ್ಧವಾಗುತ್ತದೆ.