ಗಂಟೆಲ್ಲ ಟಿಬಿಯಲ್ಲ: ಶ್ವಾಸಕೋಶದ ಅಮಿಲಾಯ್ಡ್ ಪತ್ತೆ ಹೇಗೆ?

ಎಕ್ಸ್‌ರೇಯಲ್ಲಿ ಗಂಟು ಕಂಡರೆ ಸಾಕು, ಕಫದಲ್ಲಿ ರೋಗಾಣು ಸಿಗದಿದ್ದರೂ ಟಿಬಿ ಗುಳಿಗೆ ಶುರುವಾಗುವುದು ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಹೊಸದಲ್ಲ. ಅಂಥ ಗಂಟು ಅಪರೂಪಕ್ಕೆ ಅಮಿಲಾಯ್ಡ್ ಆಗಿರಬಹುದು. ತಪ್ಪಾಗಿ ಮಡಚಿಕೊಂಡ ಪ್ರೋಟೀನ್, ಕರಗದ ಎಳೆಗಳಾಗಿ ಅಂಗಾಂಶದಲ್ಲಿ ಕೂರುವ ಕಾಯಿಲೆ ಇದು.

ಗಂಟಾಗಿ ಕೂತರೆ ಹೆಚ್ಚಿನವರಿಗೆ ತೊಂದರೆಯೇ ತಿಳಿಯುವುದಿಲ್ಲ. ಶ್ವಾಸನಾಳದ ಗೋಡೆಯಲ್ಲಿ ಕೂತರೆ ದನಿ ಒಡೆಯುತ್ತದೆ, ಎದೆ ಸುಂಯ್‌ಗುಡುತ್ತದೆ. ಅಸ್ತಮಾ ಎಂದುಕೊಂಡು ವರ್ಷಗಟ್ಟಲೆ ಇನ್‌ಹೇಲರ್ ಎಳೆಯುವವರಿದ್ದಾರೆ. ಗಾಳಿಚೀಲಗಳ ನಡುವಿನ ಗೋಡೆಗೆ ಹರಡಿದರೆ ಆಮ್ಲಜನಕ ರಕ್ತಕ್ಕೆ ದಾಟಲು ತಿಣುಕುತ್ತದೆ, ನಾಲ್ಕು ಮೆಟ್ಟಿಲಿಗೇ ಏದುಸಿರು. ಈ ಕೊನೆಯದು ಸಾಮಾನ್ಯವಾಗಿ ಇಡೀ ದೇಹಕ್ಕೆ ಹರಡಿದ ಎಎಲ್ ಬಗೆ, ಅಂದರೆ ಮಜ್ಜೆಯ ಕೋಶಗಳು ಮಾಡುವ ‘ಲೈಟ್ ಚೈನ್’ ಎಂಬ ಪ್ರೋಟೀನ್ ತುಂಡುಗಳಿಂದ ಆಗುವುದು. ಆಗ ಹೃದಯವನ್ನೂ ನೋಡಲೇಬೇಕು.

ಮೊದಲು ಎಚ್‌ಆರ್‌ಸಿಟಿ (ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಸಿಟಿ ಸ್ಕ್ಯಾನ್), ಜೊತೆಗೆ ಡಿಎಲ್‌ಸಿಒ (ಗಾಳಿಚೀಲದಿಂದ ರಕ್ತಕ್ಕೆ ಅನಿಲ ಎಷ್ಟು ದಾಟುತ್ತದೆಂಬ ಅಳತೆ) ಸಹಿತ ಉಸಿರಾಟದ ಪರೀಕ್ಷೆ. ಬರೀ ಊದಿಸುವ ಸ್ಪೈರೋಮೆಟ್ರಿ ಸಾಲದು.

ಆಮೇಲೆ ಬಯಾಪ್ಸಿ. ಅಮಿಲಾಯ್ಡ್ ಕೂತ ರಕ್ತನಾಳ ಸುಲಭವಾಗಿ ಒಡೆಯುತ್ತದೆ; ಕೆಲವರಲ್ಲಿ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 10 ಕೂಡ ಕಡಿಮೆ ಇರುತ್ತದೆ. ರಕ್ತ ಹೆಪ್ಪುಗಟ್ಟುವ ವೇಳೆ ಅಳೆಯುವ ಪಿಟಿ, ಎಪಿಟಿಟಿ ನೋಡದೆ ಸೂಜಿ ಹಾಕಬಾರದು. ದೇಹಕ್ಕೆಲ್ಲ ಹರಡಿದ ಶಂಕೆಯಿದ್ದರೆ ಮೊದಲು ಹೊಟ್ಟೆಯ ಚರ್ಮದಡಿಯ ಕೊಬ್ಬನ್ನು ಸೂಜಿಯಲ್ಲಿ ಎಳೆದು ನೋಡುವುದೇ ಒಳ್ಳೆಯದು. ಅದರಲ್ಲಿ ಸಿಗಲಿಲ್ಲವೆಂದು ಕೈಬಿಡಬೇಡಿ. ಶ್ವಾಸಕೋಶಕ್ಕಷ್ಟೇ ಸೀಮಿತವಾದದ್ದು ಹೊಟ್ಟೆಯ ಕೊಬ್ಬಿನಲ್ಲಿ ಕಾಣುವುದಿಲ್ಲ.

ಕೆಲಸ ಕೆಡುವುದು ಹೆಚ್ಚಾಗಿ ಲ್ಯಾಬಿನಲ್ಲಿ. ಮಾಮೂಲಿ ಬಣ್ಣದಲ್ಲಿ ಅಮಿಲಾಯ್ಡ್ ನಸುಗುಲಾಬಿ ಮುದ್ದೆಯಾಗಿ ಕಾಣುತ್ತದೆ. ಹಳೆಯ ಗಾಯದ ಕಲೆಯೆಂದು ದಾಟಿಹೋಗುತ್ತದೆ. ಆದ್ದರಿಂದ ಫಾರ್ಮಿನಲ್ಲೇ ‘ಅಮಿಲಾಯ್ಡ್ ಶಂಕೆ, ಕಾಂಗೋ ರೆಡ್ ಮಾಡಿ’ ಎಂದು ವೈದ್ಯರಿಂದ ಬರೆಸಿ. ಕಾಂಗೋ ರೆಡ್ ಎಂದರೆ ಅಮಿಲಾಯ್ಡನ್ನು ಹಿಡಿಯುವ ಬಣ್ಣ. ಅಂಗಾಂಶವನ್ನು ಕತ್ತರಿಸುವ ಎಂದಿನ 3–4 ಮೈಕ್ರಾನ್ ಪದರ ಇಲ್ಲಿ ನಡೆಯದು, 8–10 ಮೈಕ್ರಾನ್ ದಪ್ಪ ಬೇಕು. ತೆಳುವಾದರೆ ಬಣ್ಣ ಹಿಡಿದದ್ದೇ ಗೊತ್ತಾಗುವುದಿಲ್ಲ. ಆಲ್ಕೋಹಾಲಿನಲ್ಲಿ ಹೆಚ್ಚು ತೊಳೆದರೆ ಬಣ್ಣ ಹೋಗುತ್ತದೆ, ಕಡಿಮೆ ತೊಳೆದರೆ ಕೊಲಾಜನ್ (ಅಂಗಾಂಶದ ಸಹಜ ನಾರು) ಕೂಡ ಕೆಂಪಾಗಿ ಉಳಿಯುತ್ತದೆ. ಅಮಿಲಾಯ್ಡ್ ಇದೆಯೆಂದು ಗೊತ್ತಿರುವ ಸ್ಲೈಡೊಂದನ್ನು ಪ್ರತಿ ಸಲ ಜೊತೆಗೇ ಬಣ್ಣಕ್ಕೆ ಹಾಕಲೇಬೇಕು. ಹಳೇ ದ್ರಾವಣ ಕೈಕೊಟ್ಟರೆ ಅಲ್ಲೇ ಸಿಕ್ಕಿಬೀಳುತ್ತದೆ. ನೋಡುವಾಗ ಕೋಣೆ ಕತ್ತಲಿರಲಿ, ಬೆಳಕು ಪೂರ್ತಿ ಇರಲಿ. ಪೋಲರೈಸರ್ (ಬೆಳಕನ್ನು ಒಂದೇ ದಿಕ್ಕಿನ ಕಂಪನಕ್ಕೆ ಸೋಸುವ ಗಾಜು) ಅಡ್ಡ ಹಾಕಿದಾಗ ಕೊಲಾಜನ್ ಬೆಳ್ಳಗೆ ಮಿನುಗುತ್ತದೆ, ಅಮಿಲಾಯ್ಡ್ ಸೇಬುಹಸಿರು. ಬರೀ ಕೆಂಪು ಕಂಡು ರಿಪೋರ್ಟ್ ಬರೆಯುವುದು ತಪ್ಪು.

ಇನ್ನು ಯಾವ ಪ್ರೋಟೀನ್ ಎಂಬುದು. ಇದಕ್ಕೆ ಪ್ರೋಟೀನ್ ತುಣುಕುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೊಮೆಟ್ರಿಯೇ ಭರವಸೆಯದು. ಬಯಾಪ್ಸಿ ತುಣುಕನ್ನು ಮೇಣದಲ್ಲಿ ಕೂರಿಸಿದ ಬ್ಲಾಕನ್ನು ಹೊರಗಿನ ಲ್ಯಾಬಿಗೆ ಕಳಿಸಬೇಕಾಗಬಹುದು. ರಿಪೋರ್ಟಿನ ಜೊತೆ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ, ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಎಎಲ್ ಹುಡುಕಲು ರಕ್ತದಲ್ಲಿ ಫ್ರೀ ಲೈಟ್ ಚೈನ್, ರಕ್ತ–ಮೂತ್ರ ಎರಡರಲ್ಲೂ ಇಮ್ಯುನೊಫಿಕ್ಸೇಶನ್ (ಅಸಹಜ ಪ್ರೋಟೀನನ್ನು ಬಗೆ ಸಹಿತ ಗುರುತಿಸುವ ಪರೀಕ್ಷೆ) ಮಾಡಿಸಿ. ವಿದ್ಯುತ್ತಿನಿಂದ ಪ್ರೋಟೀನ್ ಬೇರ್ಪಡಿಸುವ ಎಲೆಕ್ಟ್ರೊಫೊರೆಸಿಸ್ ಒಂದೇ ಆದರೆ ಅಸಹಜ ಪ್ರೋಟೀನಿನ ಸಣ್ಣ ಪ್ರಮಾಣ ತಪ್ಪಿಹೋಗುತ್ತದೆ. ‘ಫುಲ್ ಬಾಡಿ’ ಪ್ಯಾಕೇಜಿಗೆ ದುಡ್ಡು ಸುರಿಯಬೇಡಿ, ಇವು ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹೃದಯಕ್ಕೆ ಎಕೊ ಸ್ಕ್ಯಾನ್, ಎನ್‌ಟಿ-ಪ್ರೊಬಿಎನ್‌ಪಿ (ಹೃದಯದ ಮೇಲಿನ ಒತ್ತಡ ತೋರಿಸುವ ರಕ್ತಪರೀಕ್ಷೆ), ಮೂತ್ರಪಿಂಡಕ್ಕೆ 24 ತಾಸಿನ ಮೂತ್ರದ ಪ್ರೋಟೀನ್ ಕೂಡ ಬೇಕು.

ಬಗೆ ಖಚಿತವಾಗದೆ ಕೀಮೋಗೆ ಒಪ್ಪಬೇಡಿ. ಶ್ವಾಸಕೋಶದ ಗಂಟಷ್ಟೇ ಆಗಿದ್ದರೆ ಅನೇಕರಿಗೆ ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಿದ್ದರೆ ಸಾಕು. ದೇಹಕ್ಕೆಲ್ಲ ಹರಡಿದ ಎಎಲ್ ಎಂದಾದರೆ ಅದೇ ವಾರ ರಕ್ತರೋಗ ತಜ್ಞರನ್ನು ಕಾಣಿ.