ತೋಟಕ್ಕೆ, ಕೋರೆಗೆ ಆಳು ಕರೆಯುವ ಮೊದಲು: ಕೆಲಸದವರ ಪಾಲಿಸಿ ಸರಿಯಾಗಿ ಮಾಡಿಸುವುದು ಹೇಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಲೆಕ್ಕ ಬರೆಯುವುದು, ಇನ್ಶೂರೆನ್ಸ್ ಕಾಗದ ಮಾಡಿಕೊಡುವುದು ನನ್ನ ಕೆಲಸ. ಬರುವವರಲ್ಲಿ ಅಡಿಕೆ ತೋಟದವರು, ಕೆಂಪುಕಲ್ಲಿನ ಕೋರೆಯವರು, ಮರದ ಮಿಲ್ಲಿನವರೇ ಜಾಸ್ತಿ. ಮಳೆಗಾಲ ಹತ್ತಿರ ಬಂತು, ಅಡಿಕೆಗೆ ಮದ್ದು ಬಿಡಬೇಕು ಅನ್ನುವಾಗ ಎಲ್ಲರೂ ಕೆಲಸದವರ ಪಾಲಿಸಿಗೆ, ಅಂದರೆ ಕೆಲಸದಲ್ಲಿ ಆಳಿಗೆ ಪೆಟ್ಟೋ ಸಾವೋ ಆದರೆ ಮಾಲಕ ಕೊಡಬೇಕಾದ ಪರಿಹಾರವನ್ನು ತುಂಬುವ ವಿಮೆಗೆ, ಕೇಳುವುದು "ಅಕ್ಕಾ, ಎಷ್ಟು ಕಟ್ಟಬೇಕು?" ಅಂತ. ನಾನು ತಿರುಗಿ ಕೇಳುತ್ತೇನೆ: ನಿಮ್ಮಲ್ಲಿ ಯಾರು ಕೆಲಸ ಮಾಡುತ್ತಾರೆ? ಎಲ್ಲಿ? ಏನು ಕೆಲಸ? ಈ ಮೂರಕ್ಕೆ ಸರಿಯಾದ ಉತ್ತರ ಕಾಗದದಲ್ಲಿ ಇಲ್ಲದಿದ್ದರೆ, ಕಟ್ಟಿದ ದುಡ್ಡು ಬೇಕಾದ ದಿನ ಕೈಗೆ ಸಿಗುವುದಿಲ್ಲ.

ಈ ವರ್ಷ ಇದನ್ನು ಬರೆಯಲು ಕಾರಣ ಇದೆ. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಅದರಲ್ಲಿ ಒಂದು 2020ರ ಸಾಮಾಜಿಕ ಭದ್ರತಾ ಸಂಹಿತೆ. 1923ರಿಂದ ಇದ್ದ ನೌಕರರ ನಷ್ಟಪರಿಹಾರ ಕಾಯ್ದೆ ಈಗ ಅದರೊಳಗೆ ಸೇರಿದೆ. ಹಳೆಯ ಕಾಯ್ದೆಯ ತಿರುಳು ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ, ಕೆಲವು ಹೊಣೆ ಮಾತ್ರ ದೊಡ್ಡದಾಗಿದೆ. ಹಾಗಾಗಿ ಮೊದಲ ಕೆಲಸ: ನಿಮ್ಮ ಪಾಲಿಸಿ ತೆಗೆದು ನೋಡಿ. ಅದರಲ್ಲಿ 1923ರ ಕಾಯ್ದೆಯ ಹೆಸರು ಮಾತ್ರ ಇದ್ದರೆ, ಹೊಸ ಸಂಹಿತೆಯ ಹೊಣೆಯೂ ಸೇರಿದೆ ಎಂದು ಕಂಪನಿಯಿಂದ ಬರಹದಲ್ಲಿ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರಿಸುವ ತಿದ್ದುಪಡಿ ಹಾಳೆ, ಪಡೆಯಿರಿ. ಫೋನಿನಲ್ಲಿ "ಆಯ್ತು" ಅಂದರೆ ಸಾಲದು.

"ನಮಗೆ ಇದೆಲ್ಲ ಬೇಕಾ? ಇಬ್ಬರೇ ಇರುವುದು, ಅವರೂ ದಿನಗೂಲಿಯವರು" ಅಂತ ಕೇಳುವವರಿದ್ದಾರೆ. ಬೇಕು. ದಿನಗೂಲಿಯವನು ನೌಕರ ಅಲ್ಲ ಅನ್ನಲು ಹಳೆಯ ಕಾಯ್ದೆಯಲ್ಲಿ ಒಂದು ದಾರಿ ಇತ್ತು. 2000ದ ತಿದ್ದುಪಡಿಯಲ್ಲಿ ಅದನ್ನು ತೆಗೆದು ಹಾಕಿದ್ದಾರೆ. ಭೂಮಿ ಸಾಗುವಳಿ, ಮರ ಕಡಿಯುವುದು, ಕಲ್ಲುಕೋರೆ ಎಲ್ಲವೂ ಪರಿಹಾರ ಸಿಗುವ ಕೆಲಸಗಳ ಪಟ್ಟಿಯಲ್ಲಿ ಇವೆ. ನಿಮ್ಮ ಘಟಕದಲ್ಲಿ ಹತ್ತು ಅಥವಾ ಹೆಚ್ಚು ಜನ ಇದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಅನ್ವಯಿಸುತ್ತಿದ್ದರೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಅಲ್ಲಿಂದಲೇ ಪರಿಹಾರ. ಉಳಿದವರ ಭಾರ ನೇರ ನಿಮ್ಮ ಮೇಲೆ.

ಆ ಭಾರ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ ನೋಡಿದವರು ಪ್ರೀಮಿಯಂಗೆ ಚೌಕಾಸಿ ಮಾಡುವುದಿಲ್ಲ. 2020ರ ಜನವರಿ 3ರ ಆದೇಶದಂತೆ ಲೆಕ್ಕಕ್ಕೆ ಹಿಡಿಯುವ ತಿಂಗಳ ಸಂಬಳದ ಮಿತಿ 15,000 ರೂಪಾಯಿ. ಮರ ಹತ್ತುವವರ ದಿನದ ಕೂಲಿ ಕೂಡಿಸಿದರೆ ಸುಲಭವಾಗಿ ಆ ಮಿತಿ ಮುಟ್ಟುತ್ತದೆ. ಕೆಲಸದವನಿಗೆ 30 ವರ್ಷ ಅಂತ ಇಟ್ಟುಕೊಳ್ಳಿ. ಆ ವಯಸ್ಸಿಗೆ ಕಾಯ್ದೆಯ ಪಟ್ಟಿಯಲ್ಲಿ ಕೊಟ್ಟ ಗುಣಕ 207.98. ಸಾವಾದರೆ ಸಂಬಳದ ಅರ್ಧವನ್ನು, ಅಂದರೆ 7,500 ರೂಪಾಯಿಯನ್ನು ಇದರಿಂದ ಗುಣಿಸಬೇಕು: 15,59,850 ರೂಪಾಯಿ. ಬೆನ್ನುಮೂಳೆ ಮುರಿದು ಇನ್ನು ಯಾವ ಕೆಲಸವೂ ಆಗದು ಅನ್ನುವ ಸ್ಥಿತಿ ಬಂದರೆ ಸಂಬಳದ ಶೇಕಡ 60ರ ಲೆಕ್ಕ: 18,71,820 ರೂಪಾಯಿ. ಅಡಿಕೆ ಮರದಿಂದ ಬಿದ್ದವರಿಗೆ ಆಗುವುದು ಹೆಚ್ಚಾಗಿ ಇದೇ. ಮಿಲ್ಲಿನ ಗರಗಸಕ್ಕೆ ಹೆಬ್ಬೆರಳು ಹೋದರೆ ಶೇಕಡ 30 ನಷ್ಟ ಎಂದು ಕಾಯ್ದೆಯೇ ಹೇಳುತ್ತದೆ. ಆ 18,71,820ರ ಶೇಕಡ 30 ಅಂದರೆ 5,61,546 ರೂಪಾಯಿ. ಇದರ ಮೇಲೆ ಚಿಕಿತ್ಸೆಯ ನಿಜವಾದ ಖರ್ಚು ಬೇರೆ. 2009ರ ತಿದ್ದುಪಡಿಯ ನಂತರ ಅದನ್ನೂ ಮಾಲಕರೇ ಕೊಡಬೇಕು.

ಈಗ ಪಾಲಿಸಿಯಲ್ಲಿ ಏನೇನು ನೋಡಬೇಕು ಅಂತ ಹೇಳುತ್ತೇನೆ.

ಮೊದಲನೆಯದು ಚಿಕಿತ್ಸೆಯ ಖರ್ಚು. ಪರಿಹಾರದ ಹಣ ಮೂಲ ಪಾಲಿಸಿಯಲ್ಲಿ ಬರುತ್ತದೆ. ಆಸ್ಪತ್ರೆ ಬಿಲ್ಲಿಗೆ ಹೆಚ್ಚಾಗಿ ಬೇರೆ ಪ್ರೀಮಿಯಂ ಕಟ್ಟಿ ಸೇರಿಸಬೇಕು, ಅದಕ್ಕೂ ಒಬ್ಬರಿಗೆ ಇಷ್ಟು ಅಂತ ಮಿತಿ ಇರುತ್ತದೆ. ನಮ್ಮ ಕಡೆಯವರು ದೊಡ್ಡ ಪೆಟ್ಟು ಬಿದ್ದರೆ ಹೋಗುವುದು ಮಂಗಳೂರಿಗೆ, ದೇರಳಕಟ್ಟೆಗೆ. ಅಲ್ಲಿಯ ಐಸಿಯು ಬಿಲ್ಲು ನೆನಪಿಟ್ಟುಕೊಂಡು ಮಿತಿ ಆರಿಸಿ.

ಎರಡನೆಯದು ಕೆಲಸದ ವಿವರ. ತೋಟದ ಕೆಲಸ ಅಂತ ಸುಮ್ನೆ ಬರೆಸಬೇಡಿ. ಮರ ಹತ್ತುವುದು, ಮದ್ದು ಬಿಡುವುದು, ಹುಲ್ಲು ಹೆರೆಯುವ ಮೆಷಿನ್, ಅಡಿಕೆ ಸುಲಿಯುವುದು, ಹೀಗೆ ಬೇರೆ ಬೇರೆ ಬರೆಸಿ. ಒಂದೊಂದಕ್ಕೂ ಎಷ್ಟು ಜನ, ವರ್ಷಕ್ಕೆ ಒಟ್ಟು ಎಷ್ಟು ಕೂಲಿ ಎಂದು ನಿಜವಾದ ಅಂಕಿ ಕೊಡಿ. ಕಡಿಮೆ ತೋರಿಸಿದರೆ ಪ್ರೀಮಿಯಂ ಸ್ವಲ್ಪ ಇಳಿಯುತ್ತದೆ ನಿಜ. ಆದರೆ ಕ್ಲೇಮಿನ ದಿನ ಕೂಲಿ ಪುಸ್ತಕ ತರಿಸಿಕೊಂಡು ಅದೇ ಲೆಕ್ಕದಲ್ಲಿ ಹಣ ಕಡಿತ ಮಾಡುತ್ತಾರೆ. ಕೂಲಿ ಪುಸ್ತಕ ಇಲ್ಲದವರು ಇಂದೇ ಒಂದು ಇಡಿ. ಹೆಸರು, ವಯಸ್ಸು, ಆಧಾರ್ ಪ್ರತಿ, ದಿನ, ಕೂಲಿ, ಸಹಿ. ಬಂಗಾಳ, ಅಸ್ಸಾಂ, ಒಡಿಶಾದಿಂದ ಬಂದವರಾದರೆ ಊರಿನ ವಿಳಾಸ ಮತ್ತು ಮನೆಯವರ ಫೋನ್ ನಂಬರ್ ಕೂಡ. ಏನಾದರೂ ಆದರೆ ಯಾರಿಗೆ ಹೇಳಬೇಕು ಅಂತಲೇ ಗೊತ್ತಿಲ್ಲದ ಪರಿಸ್ಥಿತಿ ಯಾವ ಕೆಲಸದವನಿಗೂ ಬರಬಾರದು.

ಮೂರನೆಯದು ಜಾಗ. ನಮ್ಮಲ್ಲಿ ತುಂಬ ಜನರಿಗೆ ಪೆರ್ಲದಲ್ಲಿ ಒಂದು ತೋಟ, ಗಡಿ ದಾಟಿ ವಿಟ್ಲದ ಕಡೆ ಇನ್ನೊಂದು. ಅದೇ ಆಳುಗಳು ಎರಡು ಕಡೆಯೂ ಹೋಗುತ್ತಾರೆ. ಎರಡೂ ಜಾಗದ ಹೆಸರು, ಸರ್ವೆ ನಂಬರ್ ಪಾಲಿಸಿಯಲ್ಲಿ ಬರಲಿ.

ನಾಲ್ಕನೆಯದು ಗುತ್ತಿಗೆ. "ನಾನು ಕೊಯ್ಲು ಗುತ್ತಿಗೆಗೆ ಕೊಟ್ಟಿದ್ದೇನೆ, ಬಿದ್ದರೆ ಅವನು ನೋಡಿಕೊಳ್ಳಲಿ" ಅನ್ನುವ ಮಾತು ಕಾಯ್ದೆಯ ಎದುರು ನಿಲ್ಲುವುದಿಲ್ಲ. ನಿಮ್ಮ ವ್ಯವಹಾರದ ಭಾಗವೇ ಆದ ಕೆಲಸವನ್ನು ಗುತ್ತಿಗೆ ಕೊಟ್ಟರೆ, ಗುತ್ತಿಗೆದಾರನ ಆಳಿಗೂ ನೀವೇ ಪರಿಹಾರ ಕೊಡಬೇಕಾಗಬಹುದು. ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಲು ನಿಮಗೆ ಹಕ್ಕಿದೆ, ಸರಿ. ಆದರೆ ಅವನ ಹತ್ತಿರ ಏನಿದೆ? ಗುತ್ತಿಗೆದಾರರ ಕೆಲಸದವರನ್ನು ಸೇರಿಸಿ ಅಂತ ಕೇಳಿ ಪಾಲಿಸಿ ಮಾಡಿಸಿ.

ಬಡ್ಡಿಯ ವಿಷಯವನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಹಳೆಯ ಕಾಯ್ದೆಯಲ್ಲಿ ಒಂದು ತಿಂಗಳೊಳಗೆ ಪರಿಹಾರ ಕೊಡದಿದ್ದರೆ ಶೇಕಡ 12 ಬಡ್ಡಿ, ಸರಿಯಾದ ಕಾರಣ ಇಲ್ಲದಿದ್ದರೆ ಪರಿಹಾರದ ಅರ್ಧದವರೆಗೆ ದಂಡ. ಬಡ್ಡಿಯನ್ನು ಪಾಲಿಸಿಯ ಷರತ್ತಿನಲ್ಲೇ ಹೊರಗಿಡಲು ಕಂಪನಿಗೆ ಅವಕಾಶ ಇದೆ ಎಂದು ಸುಪ್ರೀಂ ಕೋರ್ಟ್ ಒಪ್ಪಿದೆ. ದಂಡ ಅಂತೂ ಮಾಲಕನ ಜೇಬಿನಿಂದಲೇ. ಅದಕ್ಕೆ ಷರತ್ತಿನ ಹಾಳೆ ಓದಿ, "ಬಡ್ಡಿ ಸೇರಿದೆಯಾ?" ಎಂದು ಕೇಳಿ.

ಇನ್ನೊಂದು ಗೊಂದಲ. ಅಪಘಾತ ಪಾಲಿಸಿ ಬೇರೆ, ಇದು ಬೇರೆ. ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ತೆಂಗಿನ ಮರ ಹತ್ತುವವರಿಗೆ ಒಳ್ಳೆಯ ಯೋಜನೆ, ಖಂಡಿತ ಮಾಡಿಸಿ. ಆದರೆ ಅದು ಇದೆ ಅಂತ ಮಾಲಕನ ಹೊಣೆ ತೀರುವುದಿಲ್ಲ. ಜಿಎಸ್‌ಟಿಯಲ್ಲೂ ಹಾಗೆಯೇ ಜನ ತಪ್ಪು ತಿಳಿದಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಹೋದದ್ದು ವೈಯಕ್ತಿಕ ಜೀವ ವಿಮೆ ಮತ್ತು ಆರೋಗ್ಯ ವಿಮೆಗೆ. ಕೆಲಸದವರ ಪಾಲಿಸಿಗೆ ಶೇಕಡ 18 ಹಾಗೇ ಇದೆ.

ಇನ್ನು ದಾರಿಯಲ್ಲಿ ಆಗುವ ಅಪಘಾತ. ಮಹಾರಾಷ್ಟ್ರದ ಒಂದು ಸಕ್ಕರೆ ಕಾರ್ಖಾನೆಯ ಕಾವಲುಗಾರ 2003ರಲ್ಲಿ ಬೆಳಗಿನ ಜಾವ ಕೆಲಸಕ್ಕೆ ಹೋಗುವಾಗ, ಕಾರ್ಖಾನೆಗೆ ಸುಮಾರು 5 ಕಿಲೋಮೀಟರ್ ಇರುವಾಗ ಬೈಕ್ ಅಪಘಾತದಲ್ಲಿ ತೀರಿಕೊಂಡರು. ಬಾಂಬೆ ಹೈಕೋರ್ಟ್ ಪರಿಹಾರ ಇಲ್ಲ ಎಂದಿತ್ತು. 2025ರ ಜುಲೈ 29ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ಕುಟುಂಬಕ್ಕೆ ಪರಿಹಾರ ಉಳಿಸಿತು. ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗುವಾಗ ಆದ ಅಪಘಾತಕ್ಕೂ ಕೆಲಸಕ್ಕೂ ಸಮಯ, ಜಾಗ, ಸಂದರ್ಭದಲ್ಲಿ ಸಂಬಂಧ ಇದ್ದರೆ ಅದು ಕೆಲಸದ ಅಪಘಾತವೇ. ಹೊಸ ಸಂಹಿತೆಯೂ ಇದನ್ನೇ ಹೇಳುತ್ತದೆ. ಎಷ್ಟೋ ಕುಟುಂಬಗಳಿಗೆ ಇದು ಮೊದಲೇ ಸಿಗಬೇಕಿತ್ತು ಅಂತ ನನಗೆ ಅನಿಸುತ್ತದೆ. ಮಾಲಕರು ಮಾಡಬೇಕಾದ್ದು ಇಷ್ಟು: ಕೂಲಿ ಪುಸ್ತಕದಲ್ಲಿ ಬಂದ ಹೊತ್ತು, ಹೋದ ಹೊತ್ತು ಬರೆಯಿರಿ. ನಿಮ್ಮ ಪಿಕಪ್‌ನಲ್ಲಿ ಆಳುಗಳನ್ನು ಕರೆತರುತ್ತಿದ್ದರೆ ಆ ಗಾಡಿಯ ಪಾಲಿಸಿಯಲ್ಲಿ ಡ್ರೈವರ್, ಲೋಡಿಂಗಿನವರು ಎಷ್ಟು ಜನ ಸೇರಿದ್ದಾರೆ ನೋಡಿ.

ಕೆಲಸಕ್ಕೆ ಸೇರಿಸುವಾಗಲೇ ಪರಿಹಾರದ ಹಕ್ಕನ್ನು ಬರಹದಲ್ಲಿ ತಿಳಿಸುವುದು 2017ರ ತಿದ್ದುಪಡಿಯಿಂದ ಮಾಲಕನ ಕರ್ತವ್ಯ. ಹಳೆಯ ಕಾಯ್ದೆಯಲ್ಲಿ ತಪ್ಪಿದರೆ 50,000ದಿಂದ 1 ಲಕ್ಷದವರೆಗೆ ದಂಡ ಇತ್ತು. ಒಂದು ಪುಟ ಸಾಕು. ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಿ. ಹೊರ ರಾಜ್ಯದವರಿಗೆ ಹಿಂದಿಯಲ್ಲಿ. ವಾಟ್ಸಾಪ್‌ನಲ್ಲೂ ಕಳಿಸಿ.

ಅವಘಡ ಆಯಿತು ಅಂತ ಇಟ್ಟುಕೊಳ್ಳಿ. ಮೊದಲು ಆಸ್ಪತ್ರೆ. ಅಲ್ಲಿ "ಬಿದ್ದದ್ದು" ಎಂದಷ್ಟೇ ಹೇಳದೆ ಎಲ್ಲಿ, ಯಾವ ಕೆಲಸ ಮಾಡುವಾಗ ಎಂದು ಬರೆಸಿ. ಅದೇ ದಿನ ಕಂಪನಿಗೆ ತಿಳಿಸಿ. ಸಾವು ಅಥವಾ ಗಂಭೀರ ಗಾಯ ಆದರೆ ಏಳು ದಿನದೊಳಗೆ ಕಮಿಷನರಿಗೆ, ಅಂದರೆ ಪರಿಹಾರ ತೀರ್ಮಾನಿಸುವ ಸರ್ಕಾರಿ ಅಧಿಕಾರಿಗೆ, ವರದಿ ಕೊಡಬೇಕು ಎಂಬ ನಿಯಮ ಹಿಂದಿನಿಂದಲೂ ಇದೆ. ಹೊಸ ಸಂಹಿತೆಯಲ್ಲಿ ಅವರಿಗೆ ಸಕ್ಷಮ ಪ್ರಾಧಿಕಾರಿ ಎಂಬ ಹೆಸರು.

ಆಮೇಲೆ ಊರಿನ ದೊಡ್ಡವರು ಕುಳಿತು "ಮಾತುಕತೆಯಲ್ಲಿ ಮುಗಿಸೋಣ" ಅನ್ನುತ್ತಾರೆ. ದಯವಿಟ್ಟು ಒಪ್ಪಬೇಡಿ. ಸಾವಿನ ಪರಿಹಾರವನ್ನು ಕಮಿಷನರ ಬಳಿಯೇ ಠೇವಣಿ ಇಡಬೇಕು. ಮನೆಯವರ ಕೈಗೆ ಕೊಟ್ಟದ್ದು, ಮೂರು ತಿಂಗಳ ಸಂಬಳದವರೆಗಿನ ಮುಂಗಡ ಬಿಟ್ಟರೆ, ಪರಿಹಾರ ಅಂತ ಲೆಕ್ಕಕ್ಕೇ ಬರುವುದಿಲ್ಲ. "ಇನ್ನು ಏನೂ ಕೇಳುವುದಿಲ್ಲ" ಎಂದು ಸ್ಟ್ಯಾಂಪ್ ಪೇಪರಿನಲ್ಲಿ ಬರೆಸಿಕೊಂಡ ಮುಚ್ಚಳಿಕೆಗೂ ಬೆಲೆ ಇಲ್ಲ, ಹಕ್ಕು ಬಿಟ್ಟುಕೊಡುವ ಒಪ್ಪಂದವೇ ಅಸಿಂಧು. ನೀವು ಎರಡು ಸಲ ಕೊಡಬೇಕಾಗುತ್ತದೆ. ಆ ಮನೆಯ ವಿಧವೆಗೆ, ಮಕ್ಕಳಿಗೆ ಬರಬೇಕಾದ್ದು ನಡುವೆ ಸೋರಿಹೋಗುವುದನ್ನು ತಡೆಯಲೆಂದೇ ಈ ಕ್ರಮ ಇಟ್ಟಿದ್ದಾರೆ, ಅಲ್ವಾ?

"ಅವನು ಕುಡಿದಿದ್ದ" ಎನ್ನುವ ವಾದ ಸಣ್ಣಪುಟ್ಟ ಗಾಯಕ್ಕೆ ನಡೆದೀತು. ಸಾವು ಮತ್ತು ಪೂರ್ತಿ ಶಾಶ್ವತ ಅಂಗವೈಕಲ್ಯಕ್ಕೆ ಅದು ನಡೆಯುವುದಿಲ್ಲ. ಕುಡಿದು ಬಂದವನನ್ನು ಅಂದು ಮರ ಹತ್ತಿಸಬೇಡಿ. ಸೇಫ್ಟಿ ಬೆಲ್ಟ್ ಕೊಡಿ, ಕೊಟ್ಟದ್ದಕ್ಕೆ ಸಹಿ ತೆಗೆದುಕೊಳ್ಳಿ.

ಕೆಲಸದವರ ಮನೆಯವರಿಗೂ ಒಂದು ಮಾತು. ಹಕ್ಕು ಕೇಳಲು ಅಪಘಾತದ ದಿನದಿಂದ ಎರಡು ವರ್ಷ ಸಮಯ ಇದೆ. ಕೇರಳದ ಭಾಷಾ ಕಾನೂನಿನಂತೆ ಇಲ್ಲಿಯ ಕನ್ನಡಿಗರು ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಮಲಯಾಳಂ ಬಾರದು ಅಂತ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡದೆ ಕೂರಬೇಡಿ. ಅರ್ಜಿಯ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಂಡೇ ಕಚೇರಿಯಿಂದ ಹೊರಡಿ.